ಮುಟ್ಟಬಾರದ ಬೆನ್ನು

ಮೈಸೂರಿನ ಆಸ್ಪತ್ರೆಯೊಂದರಲ್ಲಿ ವರ್ಷಗಟ್ಟಲೆ ಎಕ್ಸ್‌ರೇ ನೋಡಿ ರೋಗ ಹೇಳುತ್ತಿದ್ದ ಡಾಕ್ಟರ್ ಅರುಂಧತಿ, ಗಂಡನ ಕೆಲಸದ ಬೆನ್ನು ಹತ್ತಿ ಸಿಂಗಪುರಕ್ಕೆ ಬಂದಿಳಿದ ದಿನದಿಂದ ಬರೀ ಮಿಸೆಸ್ ದ್ವಾರಕನಾಥ್ ಆಗಿಬಿಟ್ಟಳು. ಅವಳ ಡಿಗ್ರಿ ಇಲ್ಲಿ ನಡೆಯುವುದಿಲ್ಲವಂತೆ. ಮೈಸೂರಿನವರ ಮೂಳೆ ಒಂದು ಥರ, ಸಿಂಗಪುರದವರ ಮೂಳೆ ಇನ್ನೊಂದು ಥರ ಇರುತ್ತದೇನೋ, ಯಾರಿಗೆ ಗೊತ್ತು!

ಎರಡು ವರ್ಷ ಮನೆಯಲ್ಲಿ ಕೂತು ಬೇಸತ್ತ ಮೇಲೆ, ೧೯೯೩ರಲ್ಲಿ, ಆಂಗ್ ಮೋ ಕಿಯೋ ಬಡಾವಣೆಯಲ್ಲಿ ಅಂಗಡಿಗಳ ಮೇಲಿನ ಮಹಡಿಯಲ್ಲಿದ್ದ ಒಂದು ಸಣ್ಣ ಖಾಸಗಿ ಕಾಲೇಜು ಅವಳನ್ನು ಕರೆಯಿತು. ಬೆನ್ನುಮೂಳೆಯನ್ನು ಕೈಯಿಂದಲೇ ಒತ್ತಿ, ತಿರುವಿ ನೋವು ಕಳೆಯುವ ಕೈರೋಪ್ರಾಕ್ಟಿಕ್ ವಿದ್ಯೆ ಕಲಿಸುವ ಕಾಲೇಜು ಅದು. ವಿದ್ಯಾರ್ಥಿಗಳೆಲ್ಲ ವಾರವಿಡೀ ಎಲ್ಲೆಲ್ಲೋ ದುಡಿದು ಶನಿವಾರ ಮಧ್ಯಾಹ್ನ ಬರುವ ನಡುವಯಸ್ಸಿನವರು. ಅವರಿಗೆ ಎಕ್ಸ್‌ರೇ ಓದಲು ಕಲಿಸಬೇಕಿತ್ತು. ರೋಗಿಯನ್ನು ನೋಡುವಂತಿಲ್ಲ, ಪಾಠ ಮಾಡಬಹುದು ಎಂದರು. ಅಷ್ಟಾದರೂ ಸಿಕ್ಕಿತಲ್ಲ ಎಂದು ಅರುಂಧತಿ ಒಪ್ಪಿಕೊಂಡಳು.

ಅವಳ ಪಾಠದ ಕ್ರಮವೇ ಬೇರೆ. ಹೆಸರಿನ ಮೇಲೆ ಕಪ್ಪು ಟೇಪು ಅಂಟಿಸಿದ ಒಂದು ಫಿಲ್ಮನ್ನು ಲೈಟ್ ಬಾಕ್ಸಿಗೆ ಸಿಕ್ಕಿಸುವಳು. ಒಬ್ಬೊಬ್ಬರೂ ಎದ್ದು ಹೋಗಿ ನೋಡಬೇಕು, ಈ ಬೆನ್ನನ್ನು ಮುಟ್ಟಬಹುದೋ ಮುಟ್ಟಬಾರದೋ ಹೇಳಬೇಕು, ಯಾಕೆಂದೂ ಹೇಳಬೇಕು. ಸವೆದ ಕೀಲಾದರೆ ಮುಟ್ಟಬಹುದು. ರೋಗ ತಿಂದ ಮೂಳೆಯನ್ನು ಒತ್ತಿದರೆ ಕಡ್ಡಿ ಮುರಿದಂತೆ ಮುರಿದೀತು. ರೋಗ ಢಾಳಾಗಿ ಕಾಣುವ ಫಿಲ್ಮ್ ಸಿಕ್ಕಿದರೆ ಅರುಂಧತಿಗೆ ಖುಷಿ. "ಒಳ್ಳೆಯ ಫಿಲ್ಮ್" ಎನ್ನುವಳು. ಟೇಪಿನ ಕೆಳಗೆ ಯಾರದೋ ಹೆಸರಿದೆ ಎಂಬುದನ್ನು ಅವಳು ಮರೆತೇ ಎಷ್ಟೋ ಕಾಲವಾಗಿತ್ತು.

ತರಗತಿಯಲ್ಲಿ ಸುಕೇಶ್ ಎಂಬ ಉಡುಪಿ ಕಡೆಯವನೊಬ್ಬನಿದ್ದ. ನಲವತ್ತು ದಾಟಿದ ಫ್ಯಾಕ್ಟರಿ ಸೂಪರ್‌ವೈಸರ್, ಚಿನ್ನದಂಥ ಮನುಷ್ಯ, ಆದರೆ ಎಕ್ಸ್‌ರೇ ಮಾತ್ರ ಅವನ ತಲೆಗೆ ಹತ್ತಲಿಲ್ಲ. ಎಂಥ ಫಿಲ್ಮ್ ತೋರಿಸಿದರೂ "ಮುಟ್ಟಬಹುದು ಮೇಡಂ" ಎನ್ನುತ್ತಿದ್ದ. ಅವನ ಕಣ್ಣಿಗೆ ಲೋಕದ ಎಲ್ಲರೂ ಆರೋಗ್ಯವಂತರೇ. ಅರುಂಧತಿ ಮನೆಗೆ ಬಂದು ಇದನ್ನು ಹೇಳಿದರೆ ದ್ವಾರಕನಾಥ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಆ ದ್ವಾರಕನಾಥನಿಗೇ ೧೯೯೬ರಲ್ಲಿ ಬೆನ್ನುನೋವು ಶುರುವಾಯಿತು. ಆಫೀಸಿನ ಕುರ್ಚಿಯ ಮೇಲೆ ತಪ್ಪು ಹೊರಿಸಿ ಮುಲಾಮು ತಿಕ್ಕಿಸಿಕೊಂಡು ತಿಂಗಳುಗಳನ್ನು ತಳ್ಳಿದ. ಕೊನೆಗೊಂದು ಶುಕ್ರವಾರ ಎಕ್ಸ್‌ರೇ ತೆಗೆಸಿ, ದೊಡ್ಡ ಲಕೋಟೆ ಹಿಡಿದು ಮನೆಗೆ ಬಂದ. ಡಾಕ್ಟರ್ ಸಿಗುವುದು ಸೋಮವಾರ.

"ತಗೋ ಕಣೇ, ನಿನ್ ಹೋಮ್‌ವರ್ಕು" ಎಂದು ಕೊಟ್ಟ.

ಅರುಂಧತಿ ಕಿಟಕಿಯ ಬೆಳಕಿಗೆ ಹಿಡಿದಳು. ಎದುರಿನಿಂದ ತೆಗೆದ ಫಿಲ್ಮಿನಲ್ಲಿ ಬೆನ್ನುಮೂಳೆಯ ಒಂದೊಂದು ಮಣಿಯೂ ಎರಡು ದುಂಡು ಕಣ್ಣುಗಳ ಗೂಬೆಯ ಮುಖದಂತೆ ಕಾಣುತ್ತದೆ. ಸೊಂಟದ ಹತ್ತಿರದ ಒಂದು ಮಣಿಗೆ ಒಂದೇ ಕಣ್ಣಿತ್ತು. ಬೇರೆಲ್ಲೋ ಹುಟ್ಟಿದ ಕ್ಯಾನ್ಸರ್ ಮೂಳೆಗೆ ಇಳಿದು ಮೊದಲು ತಿನ್ನುವುದು ಆ ಕಣ್ಣನ್ನೇ. ಇದನ್ನು ಅವಳು ಎಷ್ಟು ಸಲ ಪಾಠ ಮಾಡಿರಲಿಲ್ಲ! ಎಲ್ಲೋ ಕೆಲವರಿಗೆ ಹುಟ್ಟಿನಿಂದಲೇ ಒಂದು ಕಣ್ಣಿರುವುದಿಲ್ಲ, ನಿಜ. ಆಗ ಉಳಿದ ಕಣ್ಣು ಎರಡರ ಭಾರ ಹೊತ್ತು ದಪ್ಪಗೆ, ಬೆಳ್ಳಗೆ ಗಟ್ಟಿಯಾಗಿರುತ್ತದೆ. ಇಲ್ಲಿ ಬೆಳ್ಳಗಿದೆಯೇ? ಒಮ್ಮೆ ಇದೆ ಅನ್ನಿಸಿತು, ಮರುಕ್ಷಣ ಇಲ್ಲ.

"ಏನಾದ್ರೂ ಇದ್ಯಾ?"

"ಈ ಬೆಳಕಲ್ಲಿ ಏನ್ ಕಾಣುತ್ತೆ ರೀ? ನಾಳೆ ಕಾಲೇಜಲ್ಲಿ ಲೈಟ್ ಬಾಕ್ಸಿಗೆ ಹಾಕಿ ನೋಡ್ತೀನಿ."

"ಹಾಗೇ ನಿನ್ ಸ್ಟೂಡೆಂಟ್ಸ್‌ಗೂ ತೋರ್ಸು. ಆ ಸುಕೇಶ್ ಹೇಗೂ ಏನೂ ಇಲ್ಲ ಅಂತಾನೆ, ನಾನು ಬಚಾವ್" ಎಂದು ನಕ್ಕ.

ಶನಿವಾರ ಅವಳು ಗಂಡನ ಹೆಸರಿನ ಮೇಲೆ ಕಪ್ಪು ಟೇಪು ಅಂಟಿಸಿದಳು. ಲೈಟ್ ಬಾಕ್ಸಿನ ಬೆಳಕಿನಲ್ಲೂ ಅವಳಿಗೆ ಕಂಡದ್ದು ಅದೇ. ಆದರೆ ಅದು ತನ್ನ ಭಯವಿರಬಹುದಲ್ಲ? ಹೆಂಡತಿಯದಲ್ಲದ ಕಣ್ಣು ಬೇಕಿತ್ತು. ಒಬ್ಬರಾದರೂ ಹುಟ್ಟಿನಿಂದ ಬಂದದ್ದು ಎಂದುಬಿಡಲಿ, ಒಬ್ಬರೇ ಒಬ್ಬರು ಸಾಕು.

ನರ್ಸಾಗಿದ್ದ ಚೀನೀ ಹೆಂಗಸು ಮೊದಲು ಎದ್ದಳು. ಕಣ್ಣಿಲ್ಲ, ರೋಗ ತಿಂದಿದೆ, ಮುಟ್ಟಬಾರದು ಎಂದಳು. ಎರಡನೆಯವನೂ ಅದನ್ನೇ ಹೇಳಿದ. ಮೂರನೆಯವನು ಹಾಗೆನ್ನುವಷ್ಟರಲ್ಲಿ ಅರುಂಧತಿ ತಡೆಯಲಾರದೆ, ಇನ್ನೊಂದು ಕಣ್ಣು ದಪ್ಪಗೆ ಕಾಣುವುದಿಲ್ಲವೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಟೀಚರು ತಮ್ಮನ್ನು ಪರೀಕ್ಷಿಸುತ್ತಿದ್ದಾರೆಂದು ಎಲ್ಲರೂ ನಕ್ಕರು. ಬೇಕೆಂದದ್ದನ್ನು ನೋಡಬೇಡಿ, ಇದ್ದದ್ದನ್ನು ನೋಡಿ ಎಂದು ನೀವೇ ಕಲಿಸಿದ್ದಲ್ಲವೇ ಎಂದಳು ನರ್ಸು. ಮೂರು ವರ್ಷ ಮೈಮುರಿದು ಕಲಿಸಿದ್ದು ಒಂದಕ್ಷರವೂ ವ್ಯರ್ಥವಾಗಿರಲಿಲ್ಲ. ಅಯ್ಯೋ, ಇಷ್ಟು ಚೆನ್ನಾಗಿ ಯಾಕಾದರೂ ಕಲಿಸಿದೆನೋ ಎಂದುಕೊಂಡಳು.

ಕೊನೆಗೆ ಸುಕೇಶ್ ಎದ್ದ. ಬಾಕ್ಸಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದ. ಮೇಲಿನಿಂದ ಕೆಳಗೆ ಬೆರಳಿಟ್ಟು ಒಂದೊಂದೇ ಮಣಿ ದಾಟಿದ, ಅವಳೇ ಹೇಳಿಕೊಟ್ಟ ಹಾಗೆ. ಮುಟ್ಟಬಹುದು ಅನ್ನಪ್ಪಾ, ನಿನ್ನ ಬಾಯಲ್ಲಿ ಬರುವುದೇ ಅದಲ್ಲವೇ ಎಂದು ಅರುಂಧತಿ ಒಳಗೊಳಗೇ ಬೇಡಿಕೊಂಡಳು. ಅವನ ಬೆರಳು ಸೊಂಟದ ಬಳಿ ನಿಂತಿತು.

"ಇಲ್ಲಿ ಒಂದು ಕಣ್ಣೇ ಇಲ್ಲ ಮೇಡಂ. ಇನ್ನೊಂದು ನಾರ್ಮಲ್ ಉಂಟು. ಈ ಬೆನ್ನನ್ನ ನಾನು ಮುಟ್ಟಲ್ಲ" ಎಂದು ಮೆಲ್ಲಗೆ ಕನ್ನಡದಲ್ಲೇ ಹೇಳಿ, ಭಯದಿಂದ ಅವಳ ಮುಖ ನೋಡಿದ. "ಸರಿಯಾ?"

"ಸರಿ" ಎಂದಳು ಅರುಂಧತಿ. ತರಗತಿಯೆಲ್ಲ ಅವನಿಗಾಗಿ ಚಪ್ಪಾಳೆ ತಟ್ಟಿತು.

ಕೆಳಗೆ ತಿಂಡಿ ಅಂಗಡಿಗಳ ಹಾಕರ್ ಸೆಂಟರಿನಲ್ಲಿ ದ್ವಾರಕನಾಥ್ ಎರಡು ಟೀ ತರಿಸಿಕೊಂಡು ಕಾಯುತ್ತಿದ್ದ.

"ಏನಂದ್ರು ನಿನ್ ಸ್ಟೂಡೆಂಟ್ಸು?"

"ಸೋಮವಾರ ಡಾಕ್ಟರ್ ಹೇಳ್ತಾರಲ್ಲ ರೀ."

"ಅದಿರ್ಲಿ, ನಮ್ ಸುಕೇಶ್ ಏನಂದ?"

ಸುಳ್ಳು ಹೇಳಬೇಕೆಂದೇ ಮೆಟ್ಟಿಲಿಳಿದು ಬಂದಿದ್ದಳು. ಬಾಯಿಗೆ ಬರಲಿಲ್ಲ. "ಇವತ್ತು ಸರಿಯಾಗಿ ಹೇಳ್ಬಿಟ್ಟ" ಎಂದಳು.

ದ್ವಾರಕನಾಥ್ ನಗಲು ಶುರುಮಾಡಿದವನು ಅವಳ ಮುಖ ನೋಡಿ ನಿಲ್ಲಿಸಿದ. ಒಂದು ಲೋಟವನ್ನು ಅವಳ ಕಡೆ ಸರಿಸಿದ. "ಟೀ ಕುಡಿ, ಆರಿ ಹೋಗತ್ತೆ" ಎಂದ.

ಇಬ್ಬರೂ ಕುಡಿದರು. ಹೊರಡುವಾಗ ಅವನು ಮೇಜಿಗೆ ಕೈಯೂರಿ ಏಳಲು ಹೆಣಗಿದ. ಅವನ ಬೆನ್ನಿಗೆ ಆಸರೆ ಕೊಡಲು ಚಾಚಿದ ಅವಳ ಕೈ ಅರ್ಧದಲ್ಲೇ ನಿಂತಿತು. ಮುಟ್ಟಲು ಧೈರ್ಯ ಬರಲಿಲ್ಲ. ರಟ್ಟೆ ಹಿಡಿದು ಎಬ್ಬಿಸಿದಳು.