ಒಗೆಯದೆ ಇಟ್ಟ ಕರಿ ಮುಂಡು

ನಮ್ಮ ಮನೆಯಲ್ಲಿ ಬೆಳ್ಳಿ ಬೆಳ್ಳಗಿದ್ದದ್ದನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೇ ಕಡಿಮೆ. ದೇವರ ಮುಂದಿನ ಬೆಳ್ಳಿ ದೀಪವನ್ನು ಅವ್ವ ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಇಡುತ್ತಿದ್ದಳು. ಎರಡು ದಿನಕ್ಕೆ ಅದು ಮತ್ತೆ ಕಪ್ಪು. ಹಿತ್ತಲ ಶೆಡ್ಡಿನಲ್ಲಿ ಅಪ್ಪನ ಬಣ್ಣದ ತೊಟ್ಟಿ ಕುದಿಯುತ್ತಿತ್ತು. ಗಂಧಕದ ಕಪ್ಪು ಬಣ್ಣ ಅದು. ಅದರ ಆವಿಗೆ ಬೆಳ್ಳಿ ಕಪ್ಪಾಗುತ್ತಿತ್ತು, ಅದರ ವಾಸನೆಗೆ ನೆಂಟರು ಬರುವುದನ್ನು ಬಿಟ್ಟಿದ್ದರು. ಕೊಳೆತ ಮೊಟ್ಟೆಯ ವಾಸನೆ. ಪನಮರಂ ಬಸ್ಸಿನಲ್ಲಿ ಅಪ್ಪನ ಪಕ್ಕದ ಸೀಟು ಸದಾ ಖಾಲಿ. ಅಪ್ಪನಿಗೆ ಅದರಿಂದ ಬೇಜಾರೇನೂ ಇರಲಿಲ್ಲ, ಕಾಲು ಚಾಚಿಕೊಂಡು ರಾಜನ ಹಾಗೆ ಬಂದೆ ಎನ್ನುತ್ತಿದ್ದ.

ಸಂಜೆ ಮೈ ತೊಳೆದುಕೊಂಡು ಊಟಕ್ಕೆ ಕೂತಾಗ ಅಪ್ಪನದು ದಿನವೂ ಒಂದೇ ಮಾತು.

"ಇವತ್ತು ವಾಸ್ನೆ ಇಲ್ಲ ಕನಮ್ಮಿ."

"ಸುಳ್ಳ," ಎನ್ನುತ್ತಿದ್ದಳು ಅವ್ವ, ಅನ್ನ ಬಡಿಸುತ್ತಾ. ಮೂಗಿಗೆ ಸೆರಗು ಹಿಡಿದೇ ಬಡಿಸುತ್ತಿದ್ದಳು.

ನಮ್ಮ ತಾತ ಗುಂಡ್ಲುಪೇಟೆಯ ಕಡೆಯಿಂದ ಬಟ್ಟೆ ಗಂಟು ಹೊತ್ತುಕೊಂಡು ವಯನಾಡಿಗೆ ಬಂದವರು. ಕೇಣಿಚಿರದಲ್ಲಿ ಅಂಗಡಿ ಇಟ್ಟರು. ಬಣ್ಣದ ಕೆಲಸ ಶುರು ಮಾಡಿದ್ದು ಅಪ್ಪ. ಶಬರಿಮಲೆಗೆ ಮಾಲೆ ಹಾಕುವ ಕಾಲ ಬಂತೆಂದರೆ ಪುಲ್ಪಳ್ಳಿ, ಮುಳ್ಳನ್ಕೊಲ್ಲಿಯಿಂದೆಲ್ಲ ಜನ ಬಿಳಿ ಮುಂಡು, ಅಂದರೆ ಪಂಚೆ, ತಂದು ಕೊಡುತ್ತಿದ್ದರು, ಕಪ್ಪು ಮಾಡಿಸಿಕೊಂಡು ಹೋಗುತ್ತಿದ್ದರು. ಮಿಕ್ಕ ತಿಂಗಳುಗಳಲ್ಲಿ ಮಾಸಿದ ಪ್ಯಾಂಟು, ಕೊಡೆಯ ಬಟ್ಟೆ.

ಆ ಬಣ್ಣ ನೀರಿಗೆ ಬಗ್ಗುವುದಿಲ್ಲ. ಬರೀ ನೀರಿಗೆ ಹಾಕಿದರೆ ಇದ್ದಿಲ ಪುಡಿಯ ಹಾಗೆ ತಳ ಸೇರುತ್ತದೆ. ಸಲ್ಫೈಡ್ ಹಾಕಿ ಕುದಿಸಿದರೆ ಮಾತ್ರ ಕರಗುತ್ತದೆ, ಆಗ ತೊಟ್ಟಿಯ ನೀರು ಹಸಿರಿಗೆ ತಿರುಗುತ್ತದೆ. ಒಂದಿಷ್ಟು ಕಲ್ಲುಪ್ಪು ಬಿದ್ದರೆ ಬಣ್ಣ ನೀರನ್ನು ಬಿಟ್ಟು ನೂಲಿಗೆ ಹತ್ತುತ್ತದೆ. ಮುಂಡನ್ನು ಮೇಲೆತ್ತಿದಾಗ ಅದು ಕಪ್ಪಗಿರುವುದೇ ಇಲ್ಲ, ಪಾಚಿಯ ಬಣ್ಣ. ಹಗ್ಗದ ಮೇಲೆ ಹರವಿದರೆ ಗಾಳಿ ತಾಗಿದ ಹಾಗೆಲ್ಲ ನೋಡನೋಡುತ್ತಲೇ ಕಪ್ಪಾಗುತ್ತದೆ. ಕಲಿಯಲು ನಾನು ಪಕ್ಕದಲ್ಲೇ ನಿಲ್ಲುತ್ತಿದ್ದೆ. "ಕರೀದು ಮಾಡೋನು ನಾನಲ್ಲ, ಗಾಳಿ," ಎನ್ನುತ್ತಿದ್ದ ಅಪ್ಪ. ಇಷ್ಟಾದ ಮೇಲೂ ಕೆಲಸ ಮುಗಿಯುವುದಿಲ್ಲ. ಕೊನೆಗೆ ವಾಷಿಂಗ್ ಸೋಡಾದ ನೀರಲ್ಲಿ ಜಾಲಿಸಬೇಕು.

ಆ ಸೋಡಾ ಯಾಕೆ ಎಂದು ಗಿರಾಕಿಗಳು ಕೇಳುವ ಮೊದಲೇ ಅಪ್ಪ ಹೇಳಿಬಿಡುತ್ತಿದ್ದ. ಕರಿ ಬಟ್ಟೆಯೊಳಗೆ ಗಂಧಕ ಉಳಿದಿರುತ್ತದೆ. ಬಟ್ಟೆಯನ್ನು ಮಡಿಸಿ ಮರೆತರೆ ಮಳೆಗಾಲದ ಥಂಡಿ ಕುಡಿದು ಅದು ಒಳಗೇ ಹುಳಿಯಾಗುತ್ತದೆ, ನೂಲನ್ನು ತಿನ್ನುತ್ತದೆ. ಉಟ್ಟು ಒಗೆದು ಮಾಡುತ್ತಿದ್ದರೆ ಏನೂ ಆಗುವುದಿಲ್ಲ, ಎತ್ತಿಡುವುದಾದರೆ ಸೋಡಾ ನೀರಲ್ಲಿ ಅದ್ದಿ ಒಣಗಿಸಿಡಿ. ಅಪ್ಪ ಅಂಗಡಿಯಲ್ಲಿ ಇಲ್ಲದಾಗ ಇದೇ ಮಾತನ್ನು ಅವ್ವ ತನ್ನ ಹರಕು ಮಲಯಾಳದಲ್ಲಿ ಹೇಳುತ್ತಿದ್ದಳು. ಎಷ್ಟು ಜನಕ್ಕೆ ಹೇಳಿದ್ದಾಳೋ, ನಮಗೆಲ್ಲ ಬಾಯಿಪಾಠವಾಗಿತ್ತು.

ಅಪ್ಪನದೇ ವ್ರತದ ಮುಂಡು ಒಂದಿತ್ತು. ಮೊದಲ ಸಲ ಮಲೆ ಹತ್ತಿದಾಗ ಉಟ್ಟಿದ್ದು. ಪ್ರತಿ ವರ್ಷ ಎಲ್ಲರ ಬಟ್ಟೆ ಮುಗಿದ ಮೇಲೆ ತೊಟ್ಟಿಯಲ್ಲಿ ಉಳಿದ ಬಣ್ಣಕ್ಕೆ ಅದನ್ನು ಅದ್ದುತ್ತಿದ್ದ, ಹಳೆಯ ಕಪ್ಪಿನ ಮೇಲೆ ಹೊಸ ಕಪ್ಪು. ಅದನ್ನು ಉಟ್ಟು ಮಾಲೆ ಹಾಕಿದನೆಂದರೆ ಅವ್ವನಿಗೆ ಸಂಕಟ. ಮಾಲೆ ಹಾಕಿದವರನ್ನು ಸ್ವಾಮಿ ಎಂದೇ ಕರೆಯಬೇಕಲ್ಲ. "ಸ್ವಾಮೀ, ಕಾಲು ತೊಳ್ಕಂಡು ಒಳಕ್ಕೆ ಬರಕೇನು ದಾಡಿ ನಿಮಗೆ?" ಎಂದು ಮರ್ಯಾದೆಯಾಗಿ ಬೈಯುತ್ತಿದ್ದಳು. ಅಪ್ಪ ಕೈ ಮುಗಿದು ನಗುತ್ತಿದ್ದ.

ಕೊನೆಯ ವರ್ಷ ಅಪ್ಪ ಮಲೆಯಿಂದ ಬಂದದ್ದೇ ಜ್ವರ ಹೊತ್ತುಕೊಂಡು. ದೀಪದ ಮುಂದೆ ಮಾಲೆ ತೆಗೆದ, ಮುಂಡು ಬಿಚ್ಚಿ ಲುಂಗಿ ಸುತ್ತಿಕೊಂಡು ಮಲಗಿದ. ನಾಳೆ ಒಗೆದರಾಯಿತು ಎಂದು ಅವ್ವ ಮುಂಡನ್ನು ಮಡಿಸಿ ಕುರ್ಚಿಯ ಮೇಲಿಟ್ಟಳು. ಮಾರನೆಯ ದಿನ ಅಪ್ಪನನ್ನು ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿಂದ ಜೀವಂತವಾಗಿ ಕರೆತರಲಿಲ್ಲ. ತಿಥಿಯೆಲ್ಲ ಮುಗಿದು ಮನೆ ಖಾಲಿಯಾದ ಮೇಲೆ ನೋಡಿದರೆ ಮುಂಡು ಕುರ್ಚಿಯ ಮೇಲಿರಲಿಲ್ಲ. ಅವ್ವನ ಕಬ್ಬಿಣದ ಪೆಟ್ಟಿಗೆಯಲ್ಲಿತ್ತು. ಬೆವರು, ಕರ್ಪೂರ, ತುಪ್ಪ, ಅಡಿಯಲ್ಲಿ ಎಲ್ಲೋ ಆ ಮೊಟ್ಟೆಯ ವಾಸನೆ. ಜೀವಮಾನವೆಲ್ಲ ಮೂಗು ಮುಚ್ಚಿಕೊಂಡವಳು ಈಗ ಪೆಟ್ಟಿಗೆ ತೆರೆದು, ಮಡಿಕೆ ಬಿಚ್ಚದೆ, ಬಗ್ಗಿ ಮೂಸಿ ಮುಚ್ಚುತ್ತಿದ್ದಳು.

ನನಗೆ ತಡೆಯಲಾಗಲಿಲ್ಲ. "ಅವ್ವಾ, ಕೊಡು, ಸೋಡಾ ನೀರಲ್ಲಿ ಅದ್ದಿ ಕೊಡ್ತೀನಿ," ಎಂದೆ.

"ನಿನ್ನ ಕೆಲ್ಸ ನೋಡೋಗು," ಎಂದಳು. ಪೆಟ್ಟಿಗೆಯ ಬೀಗದ ಕೈ ಅವತ್ತಿನಿಂದ ಅವಳ ಸೊಂಟ ಸೇರಿತು.

ತೊಟ್ಟಿ ಆರಿತು. ನಾನು ತಿರುಪ್ಪೂರಿನಿಂದ ಬರುವ ರೆಡಿ ಮುಂಡುಗಳನ್ನು ತಂದು ಮಾರತೊಡಗಿದೆ. ದೇವರ ಮುಂದಿನ ದೀಪ ಬೆಳ್ಳಗೇ ಉಳಿಯಿತು. ಅವ್ವ ಅದನ್ನು ಹಳೆಯ ಅಭ್ಯಾಸದಂತೆ ತಿಕ್ಕುತ್ತಲೇ ಇದ್ದಳು. ಕಪ್ಪಾಗದ ದೀಪವನ್ನು ಯಾಕೆ ತಿಕ್ಕುತ್ತಿ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಕೆಲವು ಮಳೆಗಾಲ ಕಳೆದವು. ವಯನಾಡಿನ ಮಳೆಗಾಲದಲ್ಲಿ ಗೋಡೆಯೇ ಬೂಷ್ಟು ಹಿಡಿಯುತ್ತದೆ, ಪೆಟ್ಟಿಗೆಯ ಪಾಡೇನು. ಒಂದು ವರ್ಷ ಅವ್ವ ತಾನೂ ಮಾಲೆ ಹಾಕುತ್ತೇನೆ ಎಂದಳು. ಐವತ್ತು ದಾಟಿತ್ತು, ಹೆಂಗಸರು ಮಲೆ ಹತ್ತಬಹುದಾದ ವಯಸ್ಸು. ಮಂಡಿ ನೋವು, ಸಕ್ಕರೆ ಕಾಯಿಲೆ, ಏನು ಹೇಳಿದರೂ ಕೇಳಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಒಂದೇ. ಇರುಮುಡಿಯ ಗಂಟನ್ನು ತಲೆಯ ಮೇಲಿಡುವ ಮೊದಲು ಅಪ್ಪನ ಮುಂಡನ್ನು ತಲೆಗೆ ಹಾಕಿಕೊಳ್ಳಬೇಕು, ಅದರ ಮೇಲೆ ಗಂಟು. "ಅವರ ಜೊತೆ ಒಂದು ಸಲವೂ ಹೋಗಕಾಗ್ನಿಲ್ಲ. ಈಗಾರ ಒಟ್ಟಿಗೆ ಹತ್ತೀವಿ," ಎಂದಳು.

ಹೊರಡುವ ದಿನ ನಮ್ಮ ಜಗುಲಿಯಲ್ಲೇ ಗಂಟು ಕಟ್ಟಿದರು. ಅಪ್ಪನನ್ನು ವರ್ಷವರ್ಷವೂ ಕರೆದೊಯ್ದಿದ್ದ ಗುರುಸ್ವಾಮಿಯೇ ತೆಂಗಿನಕಾಯಿಗೆ ತುಪ್ಪ ತುಂಬಿಸಿದರು. ಅವ್ವ ಒಳಗೆ ಹೋಗಿ ಮುಂಡನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದಳು. ಬಣ್ಣ ಒಂದಿಷ್ಟೂ ಮಾಸಿರಲಿಲ್ಲ. ಅಪ್ಪ ಇದ್ದಿದ್ದರೆ ಎಲ್ಲರಿಗೂ ತೋರಿಸಿ ಮೆರೆಯುತ್ತಿದ್ದ, ಅಷ್ಟು ಕಪ್ಪು.

ಅವ್ವ ಮಡಿಕೆ ಬಿಚ್ಚಿದಳು. ಸದ್ದೇ ಇಲ್ಲದೆ ಅದು ಮಡಿಕೆಯ ಗುಂಟ ಹರಿಯಿತು. ಗಾಬರಿಯಾಗಿ ಇನ್ನೊಂದು ತುದಿ ಹಿಡಿದಳು, ಅದೂ ಬೆರಳಲ್ಲೇ ಬಂತು. ಸುಟ್ಟ ಹಪ್ಪಳ ಮುರಿದ ಹಾಗೆ ಚೂರುಗಳು ಜಗುಲಿಯ ಮೇಲೆ ಬಿದ್ದವು. ಶರಣು ಕೂಗುತ್ತಿದ್ದವರು ನಿಲ್ಲಿಸಿದರು. "ಸಾರಮಿಲ್ಲ, ಸಾರಮಿಲ್ಲ," ಎಂದರು ಗುರುಸ್ವಾಮಿ. ಪರವಾಗಿಲ್ಲ ಎನ್ನುವುದಕ್ಕೆ ಇಲ್ಲಿಯವರು ಹೇಳುವ ಮಾತು. ನನಗೆ ಸಿಟ್ಟು ಬಂತು. ಪರವಾಗಿಲ್ಲವಂತೆ!

ನಾನು ಅಂಗಡಿಗೆ ಓಡಿ ಪ್ಯಾಕೆಟ್ಟು ಒಡೆದು ಹೊಸ ಮುಂಡೊಂದನ್ನು ತಂದೆ. ಅಷ್ಟರಲ್ಲಿ ಅವ್ವ ನೆಲದ ಮೇಲೆ ಕೂತು ಚೂರುಗಳನ್ನು ಮಡಿಲಿಗೆ ಆಯ್ದುಕೊಳ್ಳುತ್ತಿದ್ದಳು. ಅಳುತ್ತಿರಲಿಲ್ಲ. ನಾನೂ ಪಕ್ಕದಲ್ಲಿ ಕೂತೆ.

"ಗೊತ್ತಿತ್ತು ಕನ ಮಗ," ಎಂದಳು ಮೆಲ್ಲಗೆ. "ನಾನೇ ಊರಿಗೆಲ್ಲ ಹೇಳ್ದೋಳು, ನನಗೆ ಗೊತ್ತಿಲ್ವಾ? ಒಗದ್ರೆ ಮುಂಡು ಉಳ್ಕಂತಿತ್ತು. ಅವರು ಹೊಂಟೋಗೋರು."

ಅಂಗೈಯಗಲದ ಒಂದು ಚೂರನ್ನು ಮೂಗಿಗೆ ಹಿಡಿದಳು. ತುಂಬಾ ಹೊತ್ತು ಹಿಡಿದೇ ಇದ್ದಳು. ಆಮೇಲೆ ನನ್ನ ಕಡೆ ಚಾಚಿದಳು.

"ನನಗೆ ಬತ್ತಾ ಇಲ್ಲ. ನೆಗಡಿಯೇನೋ. ನಿನಗೆ ಬತ್ತದಾ ನೋಡು."

ಮೂಸಿದೆ. ಕಬ್ಬಿಣದ ಪೆಟ್ಟಿಗೆಯ ತುಕ್ಕು, ಬೂಷ್ಟು. ಬೇರೇನೂ ಇರಲಿಲ್ಲ. ಅಪ್ಪನ ವಾಸನೆ ಯಾವಾಗ ಹೋಗಿತ್ತೋ ಏನೋ.

"ಬತ್ತದೆ ಕನವ್ವ," ಎಂದೆ. "ಅಪ್ಪಂದೇ ವಾಸ್ನೆ."

ಅವ್ವ ನನ್ನ ಮುಖ ನೋಡಿದಳು.

"ಸುಳ್ಳ," ಎಂದಳು. "ನೀನೂ ನಿಮ್ಮಪ್ಪನಂಗೇ."

ಆ ಚೂರನ್ನು ಹೊಸ ಮುಂಡಿನ ಮೂಲೆಗೆ ಗಂಟು ಹಾಕಿ ತಲೆಗೆ ಹೊದ್ದುಕೊಂಡಳು. ಗುರುಸ್ವಾಮಿ ಅದರ ಮೇಲೆ ಇರುಮುಡಿ ಇಟ್ಟರು. ಅವ್ವ ಹಿಂದೆ ತಿರುಗಿ ನೋಡದೆ ಜೀಪಿನ ಕಡೆ ನಡೆದಳು.