ತರಬೇತಿಯ ಮೇಜಿನ ಮೇಲಿನ ನೀರು

ಭಾಷಣ ಮಾಡುವವರ ಮುಂದೆ ಇಡುವ ನೀರಿನ ಲೋಟವನ್ನು ನೀವೂ ಗಮನಿಸಿರಬಹುದು. ಅದರ ಮೇಲೊಂದು ತಟ್ಟೆ ಮುಚ್ಚಿರುತ್ತದೆ, ಸಭೆ ಮುಗಿಯುವವರೆಗೂ ಮುಚ್ಚಿಯೇ ಇರುತ್ತದೆ. ಕುಡಿದರೆ ಗಂಟಲು ಒಣಗಿದೆ ಎಂದು ಒಪ್ಪಿಕೊಂಡಂತೆ. ಗಂಟಲು ಒಣಗಿದೆ ಎಂದರೆ ಅಂಜಿಕೆಯಾಗಿದೆ ಎಂದು ಸಾರಿದಂತೆ. ಈ ಸೂಕ್ಷ್ಮ ನನಗೆ ಹೊಳೆದದ್ದು, ನಮ್ಮ ಹೆಡ್ ಸರ್ ಒಂದು ಸೋಮವಾರ ನನ್ನನ್ನು ಕರೆದು, ಶನಿವಾರದ ತರಬೇತಿಯಲ್ಲಿ ಒಂದು ತಾಸು ನಾನು ಮಾತಾಡಬೇಕೆಂದು ಹೇಳಿದ ಮೇಲೆ. "ಎಂ.ಎ. ಮಾಡೀರಿ, ನೀವ ಹೇಳ್ರಿ ಅಕ್ಕೋರ. ಅಲ್ಲೇನ್ ಹುಲಿ ಕುಂತಿರತೈತೇನು?" ಎಂದು ಅವರು ನಕ್ಕರು. ಹುಲಿಯಾದರೆ ಒಂದೇ ಇರುತ್ತಿತ್ತು. ಇಲ್ಲಿ ಹದಿನೆಂಟು ಜನ ಸದಸ್ಯರಿದ್ದರು.

ನಾನು ಬನಹಟ್ಟಿಯ ಒಂದು ಸರಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಆ ಪದದಲ್ಲಿ ಎಷ್ಟು ಗೌರವವಿದೆಯೋ ಅಷ್ಟೇ ಅನಿಶ್ಚಿತತೆಯೂ ಇದೆ. ಮುಂದಿನ ವರ್ಷ ಮತ್ತೆ ಕರೆಯುವುದೋ ಬಿಡುವುದೋ ಎನ್ನುವುದರಲ್ಲಿ ಹೆಡ್ ಸರ್ ಮಾತಿಗೆ ತೂಕವಿದೆ. ತರಬೇತಿಯಿದ್ದದ್ದು ಎಸ್‌ಡಿಎಂಸಿ ಸದಸ್ಯರಿಗೆ, ಅಂದರೆ ಶಾಲೆಯ ಮೇಲುಸ್ತುವಾರಿಗೆಂದು ಆರಿಸಿದ ತಾಯಿತಂದೆಯರಿಗೆ. ಹಾಜರಾತಿ ಕಡ್ಡಾಯ, ಹೆಂಡತಿಯ ಬದಲು ಗಂಡ ಬಂದು ಕೂಡುವಂತಿಲ್ಲ. ನನಗೆ ಕೊಟ್ಟ ನಾಲ್ಕು ಹಾಳೆಗಳಲ್ಲಿ ಒಂದು ಸಾಲು ಹೀಗಿತ್ತು: ಸಭೆ ಸೇರದೆ, ಓದಿ ತಿಳಿಯದೆ, ಯಾವ ಠರಾವಿಗೂ ಸಹಿ ಮಾಡಬಾರದು.

ಆ ಸಾಲಿನ ಮೇಲೆ ಕಣ್ಣು ಬಿದ್ದಾಗಿನಿಂದ ನನಗೆ ಊಟ ಸೇರಲಿಲ್ಲ. ಕಾರಣ ಹೇಳಿಬಿಡುತ್ತೇನೆ. ನಮ್ಮಲ್ಲಿ ಸದಸ್ಯರು ಸಭೆಗೆ ಬರುವುದಿಲ್ಲ, ಸಭೆಯೇ ಅವರ ಮನೆಗೆ ಹೋಗುತ್ತದೆ. ಮಗ್ಗ ಬಿಟ್ಟು ಬಂದರೆ ದಿನದ ದುಡಿಮೆ ಕೆಡುತ್ತದೆಂದು, ಬರೆದಿಟ್ಟ ಠರಾವಿನ ಪುಸ್ತಕವನ್ನೇ ಕೈಚೀಲದಲ್ಲಿ ಹಾಕಿ ಓಣಿ ಓಣಿ ತಿರುಗಿ ಸಹಿ ತರುವ ರೂಢಿ. ಬರೆದಿಡುವವರು ಹೆಡ್ ಸರ್, ತಿರುಗುವವಳು ನಾನು. ಎರಡು ತಿಂಗಳ ಹಿಂದೆ ಹಾಗೆ ತಿರುಗಿದ ಠರಾವು, ಮಗ್ಗದ ಓಣಿಯ ಕಡೆಗಿರುವ ಶಾಲೆಯ ಹಿಂದಿನ ಗೇಟನ್ನು ಮುಚ್ಚುವುದು. ಆಡುಗಳು ನುಗ್ಗಿ ಸಸಿಗಳನ್ನು ತಿನ್ನುತ್ತಿದ್ದವು, ನಿಜ. ಆದರೆ ಗೇಟಿಗೆ ಬೀಗ ಬಿದ್ದ ಮೇಲೆ ಓಣಿಯ ಮಕ್ಕಳು ಕಬ್ಬಿನ ಟ್ರ್ಯಾಕ್ಟರ್ ಓಡಾಡುವ ದೊಡ್ಡ ರಸ್ತೆಯಿಂದ ಸುತ್ತಿ ಮನೆಗೆ ಹೋಗಬೇಕಾಯಿತು. ಶಾಲೆ ಬಿಟ್ಟ ಮೇಲೆ ಕೊನೆಯ ಮಗು ತಿರುವು ದಾಟುವವರೆಗೆ ನಾನು ರಸ್ತೆಯಲ್ಲಿ ನಿಲ್ಲುತ್ತಿದ್ದೆ. ಒಂದು ಹಾರ್ನ್ ಜೋರಾಗಿ ಕೇಳಿದರೂ ತಿರುವಿನ ಕಡೆ ಓಡುತ್ತಿದ್ದೆ. ಆ ಮಕ್ಕಳಲ್ಲಿ ಮೂರನೆಯ ತರಗತಿಯ ಲಕ್ಷ್ಮಿಯೂ ಇದ್ದಳು. ಅವಳ ತಾಯಿ, ಕಂಡಿಕೆಗೆ ನೂಲು ಸುತ್ತುವ ಕಾಶವ್ವ, ಸಮಿತಿಯ ಸದಸ್ಯೆ. ಗೇಟು ಮುಚ್ಚಿಸಿದವರು ಯಾರೆಂದು ಅವರು ಓಣಿಯಲ್ಲೆಲ್ಲ ಬೈದುಕೊಂಡು ತಿರುಗುತ್ತಿದ್ದರು. ಠರಾವಿನಲ್ಲಿ ಮೊದಲ ಸಹಿ ಅವರದೇ ಇತ್ತು.

ಐದು ದಿನ ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ. ಆ ಸಾಲಿಗೆ ಬಂದಾಗಲೆಲ್ಲ ಕನ್ನಡಿಯಲ್ಲಿದ್ದವಳು ಬೇರೆ ಕಡೆ ನೋಡುತ್ತಿದ್ದಳು. ಸಾಲನ್ನೇ ಬಿಟ್ಟುಬಿಡುವ ಉಪಾಯವೂ ಹೊಳೆಯಿತು. ನಾಲ್ಕು ಹಾಳೆಗಳಲ್ಲಿ ಒಂದು ಸಾಲು ಹೋದರೆ ಯಾರಿಗೆ ತಿಳಿದೀತು?

ಶನಿವಾರ ಶಾಲೆಯಲ್ಲಿ ಎಲ್ಲರೂ ಸೇರಿ, ನಾನು ಎದ್ದು ನಿಲ್ಲುವ ಹೊತ್ತಿಗೆ ಸರಿಯಾಗಿ ಕರೆಂಟು ಬಂತು. ನಮ್ಮ ಕಡೆ ಇದೊಂದು ವಿಚಿತ್ರ ಸಂಕಟ: ಕರೆಂಟಿಲ್ಲದಿದ್ದರೆ ಮೈಕು ನಡೆಯದು, ಕರೆಂಟಿದ್ದರೆ ಪಕ್ಕದ ಶೆಡ್ಡಿನ ಮಗ್ಗಗಳೆಲ್ಲ ಒಮ್ಮೆಲೇ ನಡೆದು ಮೈಕನ್ನೇ ನುಂಗುತ್ತವೆ. ನಾನು ಹಾಳೆಗಳನ್ನು ಮುಖದೆತ್ತರಕ್ಕೆ ಹಿಡಿದು ಓದತೊಡಗಿದೆ. ಹಿಂದಿನಿಂದ ಗಂಡಸರು "ಕೇಳಸವಲ್ದು ರೀ!" ಎಂದು ಕೂಗಿದರು. ನನಗೆ ಒಳಗೊಳಗೇ ಸಮಾಧಾನ. ಆದರೆ ಮುಂದಿನ ಸಾಲಿನ ಹೆಂಗಸರು ಕತ್ತನ್ನು ಅತ್ತಿತ್ತ ಹೊರಳಿಸಿ ನನ್ನ ಬಾಯನ್ನೇ ಹುಡುಕುತ್ತಿದ್ದರು. ಹಲ್ಲಿಗೆ ಏನೋ ಅಂಟಿದೆಯೆಂದು ನಾನು ಹಾಳೆಯನ್ನು ಇನ್ನಷ್ಟು ಮೇಲೆತ್ತಿದೆ.

ಕಾಶವ್ವ ಎದ್ದು ಬಂದು ಹಾಳೆಯನ್ನು ಎರಡು ಬೆರಳಿಂದ ಕೆಳಗೆ ಒತ್ತಿದರು. "ಹಾಳಿ ಕೆಳಗ ಹಿಡೀರಿ ಅಕ್ಕೋರ. ಬಾಯಿ ಕಾಣವಲ್ದು. ಮಗ್ಗದ ಮಂದಿ ನಾವು, ಕಿವಿ ಎಂದೋ ಮಗ್ಗಕ್ಕ ಕೊಟ್ಟೇವಿ. ಬಾಯಿ ನೋಡಿನ ಮಾತ ತಿಳ್ಕೋತೀವಿ."

ನಾನು ರನ್ನ ಬೆಳಗಲಿಯ ಹೊಲದ ಕಡೆಯವಳು. ಇಷ್ಟು ದಿನ ಇಲ್ಲಿದ್ದೂ ಇದು ನನಗೆ ತಿಳಿದಿರಲಿಲ್ಲ. ಈಗ ತಿಳಿದದ್ದೇ ಇನ್ನೊಂದು ನೆನಪಾಯಿತು. ಅವರ ಶೆಡ್ಡಿಗೆ ಪುಸ್ತಕ ಒಯ್ದ ದಿನ ನಾನು ಹತ್ತಿಯ ಧೂಳಿಗೆ ಹೆದರಿ ಮೂಗು ಬಾಯಿಗೆಲ್ಲ ವೇಲು ಸುತ್ತಿಕೊಂಡಿದ್ದೆ. ಗೇಟಿನ ವಿಷಯ ಹೇಳಿದ್ದೆ, ನನ್ನ ಕರ್ತವ್ಯ ಮುಗಿಯಿತೆಂದುಕೊಂಡಿದ್ದೆ. ಅವರು ಕಂಡದ್ದು ಒಂದು ಬಟ್ಟೆಯನ್ನು ಮಾತ್ರ. ನಂಬಿಕೆಯ ಮೇಲೆ ಗೋಣು ಹಾಕಿ ಸಹಿ ಮಾಡಿದ್ದರು.

ಹಾಳೆ ಕೆಳಗಿಳಿಸಿ ಆ ಸಾಲನ್ನು ಹೇಳಿದೆ. ಹಿಂದಿನಿಂದ ಒಬ್ಬರು, "ಏ ಕಾಶವ್ವಾ, ಏನಂತಾರ?" ಎಂದರು. ಕಾಶವ್ವ ತಿರುಗಿ ಕೂಗಿದರು: "ತಿಳೀಲಾರದ ಸಹಿ ಮಾಡಬ್ಯಾಡ್ರಿ ಅಂತಾರ. ನಿನಗ ಹೇಳಾಕತ್ತಾರ, ನಿದ್ದಿಗಣ್ಣಾಗ ಸಹಿ ಹಾಕಾಂವಗ!" ನಗೆ ಎದ್ದಿತು. ಆಮೇಲೆ ಅವರು ನನ್ನ ಕಡೆ ಹೊರಳಿ, "ಹಂಗಾರ ನಮ್ಮ ಓಣಿ ಗೇಟ್ ಮುಚ್ಚೀರಲ್ಲ, ಅದು ಯಾರ ಸಹಿ ಮ್ಯಾಲ?" ಎಂದು ಕೇಳಿದರು.

ಆಗ ಕರೆಂಟು ಹೋಯಿತು. ಮಗ್ಗಗಳೆಲ್ಲ ನಿಂತವು. ಅಷ್ಟು ದೊಡ್ಡ ಮೌನವನ್ನು ನಾನು ಬನಹಟ್ಟಿಯಲ್ಲಿ ಕೇಳಿರಲಿಲ್ಲ. ಹೆಡ್ ಸರ್ ನನ್ನನ್ನೇ ನೋಡುತ್ತಿದ್ದರು. 'ಕಚೇರಿಯಲ್ಲಿ ವಿಚಾರಿಸಿ' ಎಂಬ ಸಭ್ಯ ಉತ್ತರ ನಾಲಿಗೆಯ ತುದಿಗೆ ಬಂದಿತ್ತು.

"ನಿಮ್ಮ ಸಹಿ ಮ್ಯಾಲ್ರಿ, ಕಾಶವ್ವಾರ. ಪುಸ್ತಕ ತಂದಾಕಿ ನಾನ. ಅವತ್ತ ನಾನು ಬಾಯಿ ಮುಚ್ಕೊಂಡಿದ್ದೆ."

ಮೈಕಿಲ್ಲದೆ, ನನ್ನ ದನಿಯಲ್ಲೇ, ಕೊನೆಯ ಸಾಲಿಗೂ ಕೇಳಿಸಿತು.

"ಅಯ್ಯ ಶಿವನ! ನನ್ನ ನಾನ ಬೈಕೊಂಡ ತಿರಗಿದ್ನೇನು?" ಎಂದು ಕಾಶವ್ವ ಹಣೆ ಬಡಿದುಕೊಂಡರು. ಆಮೇಲೆ, "ನಾನ ಮುಚ್ಚೀನಂದ್ರ ನಾನ ತಗೀಬಹುದಲ್ರಿ. ಹೆಡ್ ಸರ, ಆ ಪುಸ್ತಕ ತರಸ್ರಿ. ಎಲ್ಲಾರೂ ಕುಂತೇವಿ, ಇನ್ನೇನ್ ಬೇಕು ಸಭಾಕ್ಕ?"

ಖರೆ. ಕಡ್ಡಾಯ ಎಂಬ ಒಂದು ಶಬ್ದದ ಪುಣ್ಯದಿಂದ ಹದಿನೆಂಟೂ ಸದಸ್ಯರು ಮೊದಲ ಸಲ ಒಂದೆಡೆ ಕೂತಿದ್ದರು. ಹೆಡ್ ಸರ್ ನನ್ನ ಮುಂದಿದ್ದ ಲೋಟದ ತಟ್ಟೆ ತೆಗೆದು, ಆ ನೀರನ್ನು ಒಂದೇ ಗುಟುಕಿಗೆ ಕುಡಿದು, ಪುಸ್ತಕ ತರಿಸಿದರು.

ಈಗ ಗೇಟಿಗೆ ಬೀಗದ ಬದಲು ಆಡಿನ ಬುದ್ಧಿಗೆ ನಿಲುಕದ ಒಂದು ಚಿಲಕವಿದೆ. ಲಕ್ಷ್ಮಿ ಓಣಿಯಿಂದಲೇ ಮನೆಗೆ ಹೋಗುತ್ತಾಳೆ. ಮುಂದಿನ ವರ್ಷದ ಅತಿಥಿಗಳ ಪಟ್ಟಿ ಇನ್ನೂ ಬಂದಿಲ್ಲ. ಹೆಡ್ ಸರ್ ನನ್ನೊಡನೆ ಬೇಕಾದಷ್ಟೇ ಮಾತಾಡುತ್ತಾರೆ, ಆ ಅಳತೆಯ ಅರ್ಥ ಹುಡುಕುತ್ತ ನನ್ನ ಸಂಜೆಗಳು ಕಳೆಯುತ್ತವೆ. ತಿಂಗಳಿಗೊಮ್ಮೆ ಸಭೆ ಸೇರುತ್ತದೆ, ಠರಾವು ಓದಿ ಹೇಳುವವಳು ನಾನು. ಓದುವ ಮೊದಲು ಎಲ್ಲರಿಗೂ ಕಾಣುವಂತೆ ತಟ್ಟೆ ತೆಗೆದು ಅರ್ಧ ಲೋಟ ನೀರು ಕುಡಿಯುತ್ತೇನೆ. ಉಳಿದರ್ಧವನ್ನು ಮುಚ್ಚದೆ, ಹೆಡ್ ಸರ್ ಕೈಗೆ ಎಟುಕುವಂತೆ ಇಡುತ್ತೇನೆ.