ಅಣ್ಣನಿಗೆ ಒತ್ತಿದ ಗುಂಡಿ

ಆಸ್ಪತ್ರೆಯಲ್ಲಿ ಅವನನ್ನು ಎಲ್ಲರೂ ಊದು ಮಾಸ್ತರ ಎಂದೇ ಕರೆಯುತ್ತಿದ್ದರು. ಎರಡನೇ ಮಹಡಿಯ ಕೊನೆಯ ಕೋಣೆಯಲ್ಲಿ ಉಸಿರು ಅಳೆಯುವ ಯಂತ್ರ, ಅದರ ಪಕ್ಕದಲ್ಲಿ ಹದಿನೇಳು ವರ್ಷದಿಂದ ಅವನು. ಬಂದವರ ಮೂಗಿಗೆ ಕ್ಲಿಪ್ ಸಿಕ್ಕಿಸಿ, ಬಾಯಿಗೆ ರಟ್ಟಿನ ಕೊಳವೆ ಕೊಟ್ಟು, "ಊದಿ, ಊದಿ, ಇನ್ನೂ ಊದಿ, ಬಿಡ್ಬೇಡಿ!" ಎಂದು ಕೂಗಿದನೆಂದರೆ ಕೆಳಗೆ ಔಷಧಿಗೆ ನಿಂತವರೂ ಒಮ್ಮೆ ಉಸಿರು ಬಿಗಿಹಿಡಿಯಬೇಕು. ಮನೆಯಲ್ಲಿ ಮಾತ್ರ ಮಾಸ್ತರನ ಬಾಯಿ ನಡೆಯುವುದಿಲ್ಲವೆಂದು ಅವನ ಹೆಂಡತಿಯೇ ಹೇಳುತ್ತಿದ್ದಳು.

ಊದಿಸುವುದಕ್ಕೆ ಮೊದಲು ಯಂತ್ರ ನಾಲ್ಕು ಪ್ರಶ್ನೆ ಕೇಳುತ್ತಿತ್ತು. ವಯಸ್ಸು, ಎತ್ತರ, ಗಂಡೋ ಹೆಣ್ಣೋ, ಜನಾಂಗ ಯಾವುದು. ನಾಲ್ಕನೆಯದಕ್ಕೆ ಇದ್ದ ಅಳತೆಗೋಲು ಮಾಸ್ತರನ ಕಣ್ಣು ಮಾತ್ರ. ಬಿಳಿಯರಿಗೆ ಒಂದು ಗುಂಡಿ, ಕರಿಯರಿಗೆ ಒಂದು, ಎರಡೂ ಅಲ್ಲವೆಂದು ತೋರಿದವರಿಗೆ 'ಇತರೆ'. ಕರಿಯರ ಗುಂಡಿ ಒತ್ತಿದರೆ, ಇವರ ಶ್ವಾಸಕೋಶ ಹುಟ್ಟಿನಿಂದಲೇ ಚಿಕ್ಕದು ಎಂದು ಯಂತ್ರ ತಾನೇ ತೀರ್ಮಾನಿಸಿ, ಕಡಿಮೆ ಉಸಿರಿಗೂ 'ಸರಿಯಾಗಿದೆ' ಎಂದು ಚೀಟಿ ಹೊರಗೆ ಹಾಕುತ್ತಿತ್ತು. ಯಾವ ಪುಣ್ಯಾತ್ಮ ಯಾವ ಕಾಲದಲ್ಲಿ ಹಾಕಿಟ್ಟ ಲೆಕ್ಕವೋ! ಮಾಸ್ತರ ಕೇಳಲಿಲ್ಲ. ಯಂತ್ರ ನೆಟ್ಟಗಿದೆಯೇ ಎಂದು ಪರೀಕ್ಷಿಸಲು ಪ್ರತಿ ಸೋಮವಾರ ಬೆಳಿಗ್ಗೆ ತಾನೇ ಮೊದಲು ಊದುತ್ತಿದ್ದ. ತನಗೆ ಬಿಳಿಯರ ಗುಂಡಿ.

ನಿಜ ಹೇಳಬೇಕೆಂದರೆ ಆ ಊರಿನಲ್ಲಿ ಈ ವಿಂಗಡಣೆಯೇ ಒಂದು ತಮಾಷೆ. ಎಲ್ಲೆಲ್ಲಿಂದಲೋ ಹಡಗು ಹತ್ತಿ ಬಂದವರ ಮೊಮ್ಮಕ್ಕಳೇ ಅರ್ಧ ಊರು. ಶಾಲೆಯವರು ಅಪ್ಪನ ಕಡೆಯಿಂದ ಬರೆದುಕೊಂಡರೆ ಜನನದ ಕಚೇರಿಯವರು ಅಮ್ಮನ ಕಡೆಯಿಂದ. ಗಣತಿಯವರು, ನಿಮಗೆ ಏನನ್ನಿಸುತ್ತದೋ ಅದನ್ನೇ ಹೇಳಿ ಎನ್ನುವರು. ಮಾಸ್ತರನ ಸ್ವಂತ ಅಣ್ಣ ಒಂದು ಪುಸ್ತಕದಲ್ಲಿ 'ಕರಿಯ', ಇನ್ನೊಂದರಲ್ಲಿ 'ಮಿಶ್ರ', ಮತ್ತೊಂದರಲ್ಲಿ 'ಇತರೆ'. ಅವನಿಗೆ ಅಪ್ಪನ ಬಣ್ಣ ಬಂದಿತ್ತು, ಮಾಸ್ತರನಿಗೆ ಅಮ್ಮನದು. "ಒಂದೇ ಬಾವಿ ನೀರು, ಕೊಡ ಬೇರೆ ಅಷ್ಟೆ" ಎನ್ನುತ್ತಿದ್ದಳು ಅಮ್ಮ. ಅಪ್ಪ ಹೋದಮೇಲೆ ಅಣ್ಣ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆ ಸೇರಿದ. ತಮ್ಮ ಓದಿದ್ದು ಆ ದುಡಿಮೆಯಲ್ಲೇ.

ಮೂರು ವರ್ಷದ ಹಿಂದೆ ಕಾರ್ಖಾನೆಯವರು ಕೆಮ್ಮುವ ಹನ್ನೆರಡು ಜನರನ್ನು ಪರೀಕ್ಷೆಗೆ ಕಳಿಸಿದರು. ಸಾಲಿನಲ್ಲಿ ಅಣ್ಣನೂ ಇದ್ದ, ಹುಬ್ಬಿನ ತುಂಬ ಕಲ್ಲಿನ ಪುಡಿ. "ಏನೋ ಮರಿ, ಇದೇನಾ ನಿನ್ನ ಕೋಣೆ?" ಎಂದು ಬಾಗಿಲಲ್ಲೇ ಗಟ್ಟಿಯಾಗಿ ಕೇಳಿದ. ಹಾಳಾದ್ದು, ಆ ಹೊತ್ತಿಗೇ ಹಿರಿಯ ವೈದ್ಯರು ಯಂತ್ರದ ಪಕ್ಕ ನಿಂತಿರಬೇಕೇ! ಅವರ ಕಣ್ಣು ಅಣ್ಣನ ಮುಖ ನೋಡಿ ತಮ್ಮನ ಮುಖಕ್ಕೆ ಬಂತು.

"ನಿಮ್ಮೋರಾ?"

ಅಷ್ಟು ವರ್ಷ ಆ ವೈದ್ಯರ ಜೊತೆ ಒಂದೇ ಮೇಜಿನಲ್ಲಿ ಚಹಾ ಕುಡಿದಿದ್ದರೂ ಮಾಸ್ತರ ತನ್ನ ಅಪ್ಪನ ವಿಷಯ ಎತ್ತಿದವನಲ್ಲ. "ಇಲ್ಲ ಸಾರ್, ನಮ್ಮ ಬೀದಿಯೋರು" ಎಂದುಬಿಟ್ಟ.

ಹಾಗೆಂದಮೇಲೆ ಬೀದಿಯವನಿಗೆ ತನ್ನ ಗುಂಡಿ ಒತ್ತುವುದು ಹೇಗೆ? ಕರಿಯರದ್ದು ಒತ್ತಿದ. ಅಣ್ಣ ಕಣ್ಣು ಕೆಂಪಾಗುವ ಹಾಗೆ ಊದಿದ. ನೂರಕ್ಕೆ ಎಂಬತ್ತರ ಕೆಳಗೆ ಬಂದರೆ ಧೂಳಿನಿಂದ ಬಿಡಿಸಿ ಗೇಟಿನ ಕೆಲಸಕ್ಕೆ ಹಾಕಬೇಕೆಂದು ನಿಯಮ. ಯಂತ್ರ ಎಂಬತ್ತಮೂರು ಎಂದಿತು. "ನನ್ನ ತಮ್ಮನೇ ಪರೀಕ್ಷೆ ಮಾಡಿದ್ದು, ಎದೆ ಗಟ್ಟಿಮುಟ್ಟಾಗಿದೆಯಂತೆ" ಎಂದು ಹೆಂಡತಿಗೆ ಹೇಳಿ, ಅಣ್ಣ ಮತ್ತೆ ಮೂರು ವರ್ಷ ಕಲ್ಲು ಉಜ್ಜಿದ.

ಈಗ ಹೊಸ ವೈದ್ಯೆ ಬಂದಿದ್ದಾರೆ. ನಾಲ್ಕನೇ ಪ್ರಶ್ನೆಯನ್ನೇ ತೆಗೆದುಹಾಕಬೇಕೆಂದು ಮೇಲಿನಿಂದ ಆದೇಶವೂ ಬಂತು. "ಹಳೇ ಚೀಟಿಗಳನ್ನೆಲ್ಲ ತೆಗೀರಿ, ಎಲ್ಲರಿಗೂ ಒಂದೇ ಅಳತೆ ಇಟ್ಟು ಮತ್ತೆ ಲೆಕ್ಕ ಹಾಕೋಣ" ಎಂದರು ವೈದ್ಯೆ. ಮಾಸ್ತರ ಒಂದು ಚೀಟಿಯನ್ನು ಕಟ್ಟಿನ ತಳಕ್ಕೆ ಸೇರಿಸಿದ. ತಳಕ್ಕೆ ಸೇರಿಸಿದರೆ ಮಾಯವಾಗುತ್ತದೆಯೇ? ಸಂಜೆಗೆ ಅದರ ಸರದಿ ಬಂತು. ಅಣ್ಣನ ಎಂಬತ್ತಮೂರು ಎಪ್ಪತ್ತಾರಕ್ಕೆ ಇಳಿಯಿತು. ವೈದ್ಯೆ ಅದನ್ನು ಮಾಸ್ತರನ ಸೋಮವಾರದ ಚೀಟಿಯ ಪಕ್ಕದಲ್ಲಿಟ್ಟರು.

"ಇಬ್ಬರದೂ ಒಂದೇ ಮನೆತನದ ಹೆಸರು. ಸಂಬಂಧನಾ?"

"ಅಣ್ಣ."

"ದೊಡ್ಡಪ್ಪನ ಮಗನಾ?"

"ಒಡಹುಟ್ಟಿದೋನು."

ವೈದ್ಯೆ ಎರಡೂ ಚೀಟಿಯ ನಾಲ್ಕನೇ ಸಾಲು ನೋಡಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ಬರೋಕೆ ಹೇಳಿ, ಮತ್ತೆ ಊದಿಸೋಣ" ಎಂದಷ್ಟೇ ಹೇಳಿ ಕನ್ನಡಕ ತೆಗೆದಿಟ್ಟರು. ನೆಲ ಬಾಯಿಬಿಟ್ಟರೆ ಇಳಿದುಹೋಗೋಣ ಅನ್ನಿಸಿತು ಮಾಸ್ತರನಿಗೆ.

ಫೋನು ಎತ್ತಿದವರು ಅತ್ತಿಗೆ. "ಮತ್ತೆ ಯಾಕಪ್ಪಾ ಪರೀಕ್ಷೆ? ನೀನೇ ನೋಡಿ ಸರಿಯಿದೆ ಅಂದಿದ್ಯಲ್ಲ. ಈಗ ನಾಲ್ಕು ಮೆಟ್ಟಿಲು ಹತ್ತಿದ್ರೆ ಕೂತ್ಕೋತಾರೆ. ವಯಸ್ಸಾಯ್ತು ಅಂತ ನಾನೇ ಸಮಾಧಾನ ಹೇಳ್ತಿದೀನಿ." "ಗುರುವಾರ ಕಳಿಸಿ ಅತ್ತಿಗೆ" ಎಂದು ಮಾಸ್ತರ ಫೋನು ಇಟ್ಟುಬಿಟ್ಟ.

ಗುರುವಾರ ಹೊರಗಿನ ಹಜಾರದಲ್ಲಿ ಮೂವತ್ತು ನಲವತ್ತು ಜನ. ಅಣ್ಣ ಮೂಲೆಯ ಬೆಂಚಿನಲ್ಲಿ, ಎರಡೂ ಕೈ ಮೊಣಕಾಲಿಗೆ ಊರಿ, ಹೆಗಲೆತ್ತಿ ಹೆಗಲೆತ್ತಿ ಉಸಿರಾಡುತ್ತ ಕೂತಿದ್ದ. ತಮ್ಮನನ್ನು ಕಂಡದ್ದೇ ಎದ್ದು ನಿಂತ.

"ಬಂದೆ ಸಾರ್" ಎಂದ.

ಅಂದರೆ ಅವತ್ತು ಕೇಳಿಸಿಕೊಂಡಿದ್ದಾನೆ. ಕೇಳಿಸಿಕೊಂಡೂ ಊದಿದ್ದಾನೆ, ತಮ್ಮನ ಮರ್ಯಾದೆ ಕಾಯುತ್ತ ಮೂರು ವರ್ಷ ಬಾಯಿ ಮುಚ್ಚಿಕೊಂಡಿದ್ದಾನೆ. ಅಯ್ಯೋ, ಎಂಥ ನಾಚಿಕೆಗೇಡಿ ನಾನು ಎಂದುಕೊಂಡ ಮಾಸ್ತರ. ಊದಿಸುವಾಗ ಕೂಗುವ ದನಿ ಅವನಿಗೆ ತಾನಾಗಿಯೇ ಬಂತು.

"ಅಣ್ಣಾ! ಬಾ ಅಣ್ಣಾ, ಒಳಗೆ ಬಾ."

ಅಣ್ಣ ಗಾಬರಿಯಿಂದ ಆ ಕಡೆ ಈ ಕಡೆ ನೋಡಿ, ಅವನ ತೋಳು ಹಿಡಿದು ಪಿಸುಗುಟ್ಟಿದ. "ಮೆಲ್ಲಗೋ ಮರಿ. ಯಾರಾದ್ರೂ ಕೇಳಿಸ್ಕೊಂಡಾರು."

ಮಾಸ್ತರನೂ ಸುತ್ತ ನೋಡಿದ. ಒಬ್ಬ ಚೀಟಿ ಮಡಚುತ್ತಿದ್ದ, ಒಬ್ಬಳು ಮಗುವಿನ ಮೂಗು ಒರೆಸುತ್ತಿದ್ದಳು. ಯಾರೊಬ್ಬರೂ ತಲೆ ಎತ್ತಿರಲಿಲ್ಲ.